ಒಂದೇ ಒಲೆಯ ಸಂಗೀತ ಸಂಜೆ

ತಕ್ಕಡಿ ಸಾಹೇಬರಿಗೆ ಜೀವಮಾನದಲ್ಲಿ ಮೊದಲ ಸಲ ಚಪ್ಪಾಳೆ ಬಿದ್ದದ್ದು ಒಲೆಯ ವಿಷಯಕ್ಕೆ. ಅಲ್ಲಿಯವರೆಗೆ ಅವರು ಸಭೆಯಲ್ಲಿ ಎದ್ದು ಮಾತಾಡಿದಾಗ ಜನ ಆಕಳಿಸಿದ್ದುಂಟು, ಗಡಿಯಾರ ನೋಡಿಕೊಂಡದ್ದುಂಟು, ಒಬ್ಬಿಬ್ಬರು ಚಪ್ಪಲಿ ಹುಡುಕಿಕೊಂಡು ಹೊರಟದ್ದೂ ಉಂಟು. ಚಪ್ಪಾಳೆ ಮಾತ್ರ ಬಿದ್ದಿರಲಿಲ್ಲ. ಹಾಗಾಗಿ ಅದು ಬಿದ್ದಾಗ ಯಾರಿಗಪ್ಪಾ ಎಂದು ಅವರೇ ಹಿಂದೆ ತಿರುಗಿ ನೋಡಿದರು.

ಅವರ ಉದ್ಯೋಗ ತೂಕ ಮತ್ತು ಅಳತೆಯ ಇಲಾಖೆಯಲ್ಲಿ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡುವುದು, ಸರಿ ಇದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕೆಂಪು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಮುಂದೆ ಹೋಗುವುದು. ಅವರು ಒತ್ತಿದ ಮುದ್ರೆ ತಪ್ಪು ಎಂದು ಇಂದಿನವರೆಗೆ ಯಾರೂ ಹೇಳಿದ್ದಿಲ್ಲ. ಈ ಸಂಗತಿಯನ್ನು ಅವರು ಊಟಕ್ಕೆ ಮೊದಲು ಒಮ್ಮೆ, ಕೈ ತೊಳೆದ ಮೇಲೆ ಒಮ್ಮೆ ಮನೆಯವರಿಗೆ ನೆನಪಿಸುತ್ತಿದ್ದರು. ತಕ್ಕಡಿ ಸಾಹೇಬರು ಎಂಬ ಹೆಸರನ್ನು ಬೀದಿಯವರು ಪ್ರೀತಿಯಿಂದ ಇಟ್ಟರೋ ಹೆದರಿಕೆಯಿಂದ ಇಟ್ಟರೋ ಗೊತ್ತಿಲ್ಲ, ಇಟ್ಟದ್ದಂತೂ ನಿಜ.

ಸಭೆ ನಡೆದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ. ಭಾನುವಾರ ಅಲ್ಲಿ ರೋಗಿಗಳಿರುವುದಿಲ್ಲ, ಕುರ್ಚಿಗಳಿರುತ್ತವೆ. ಗೋಡೆಯ ಮೇಲೆ ಹುಳುಕು ಹಲ್ಲಿನ ದೊಡ್ಡ ಚಿತ್ರ, ಅದರ ಕೆಳಗೆ ಸಂಘದ ಅಧ್ಯಕ್ಷೆಯಾದ ನಿವೃತ್ತ ಹೆಡ್‌ಮಿಸ್ಟ್ರೆಸ್. ಚರ್ಚೆಯ ವಿಷಯ, ಬೀದಿಯ ಕುಟುಂಬ ಸಂಗೀತ ಸಂಜೆ. ಒಂದೊಂದು ಮನೆಯವರು ವೇದಿಕೆ ಹತ್ತಿ ತಾವೇ ಹಾಡಬೇಕು, ತಾವೇ ನುಡಿಸಬೇಕು, ಚೆನ್ನಾಗಿ ಮಾಡಿದವರಿಗೆ ಒಂದು ಕಪ್. ಹೋದ ಸಲದ ಕಪ್ ಔಷಧಿ ಅಂಗಡಿಯವರ ಗಲ್ಲಾಪೆಟ್ಟಿಗೆಯ ಮೇಲೆ ಕೂತಿತ್ತು. ಅವರ ಮನೆಯಲ್ಲಿ ಒಬ್ಬರಿಗೂ ಸ್ವರ ಗೊತ್ತಿಲ್ಲ. ಆದರೂ ಅಂದು ಒಂದೇ ಬಣ್ಣದ ಕೋಟು ತೊಟ್ಟ ಯುವಕರ ದಂಡು ಅವರ ಹೆಸರಲ್ಲಿ ವೇದಿಕೆ ಹತ್ತಿ, ಕಹಳೆ ಊದಿ, ಡ್ರಮ್ ಬಾರಿಸಿ, ಕಿಟಕಿಯ ಗಾಜು ನಡುಗಿಸಿ ಹೋಗಿತ್ತು.

"ಅವರೆಲ್ಲ ನನ್ನ ಅಕ್ಕನ ಮಕ್ಕಳು," ಎಂದರು ಔಷಧಿ ಅಂಗಡಿಯವರು, ಈಗಲೂ ಅದೇ ಗಾಂಭೀರ್ಯದಿಂದ.

"ನಿಮಗೆ ಅಕ್ಕನೇ ಇಲ್ವಲ್ಲ?" ಎಂದರು ಹೆಡ್‌ಮಿಸ್ಟ್ರೆಸ್.

"ಅದೇ ನೋಡಿ ನನ್ನ ಕೊರಗು."

ಹಾಗಾದರೆ ಕುಟುಂಬ ಎಂದರೆ ಯಾರು? ಒಂದೇ ಗೇಟಿನ ಒಳಗಿರುವವರು ಎಂದರು ದರ್ಜಿ. ಅವರ ಗೇಟಿನೊಳಗೆ ಬಾಡಿಗೆಗಿರುವ ಬ್ಯಾಂಡಿನವನೊಬ್ಬ ಇದ್ದಾನೆ ಎಂದು ತಕ್ಷಣ ಯಾರೋ ನೆನಪಿಸಿದರು. ದವಡೆ ನೋಡಿದರೆ ತಾನು ಹೇಳಬಲ್ಲೆ, ಎಲ್ಲರೂ ಒಮ್ಮೆ ಬಾಯಿ ತೆರೆದು ತೋರಿಸಿ ಎಂದರು ಹಲ್ಲಿನ ಡಾಕ್ಟರು. ಎಲ್ಲರೂ ಬಾಯಿ ಮುಚ್ಚಿಕೊಂಡರು. ಆ ಮೌನದಲ್ಲಿ ತಕ್ಕಡಿ ಸಾಹೇಬರು ಎದ್ದು ನಿಂತರು.

"ಒಂದೇ ಒಲೆ ಮೇಲೆ ಬೆಂದದ್ದನ್ನ ಊಟ ಮಾಡೋರು ಒಂದು ಕುಟುಂಬ. ಒಲೆ ಎರಡಾದ್ರೆ ಕುಟುಂಬವೂ ಎರಡು, ಒಟ್ಟಿಗೆ ವೇದಿಕೆ ಹತ್ತೋ ಹಾಗಿಲ್ಲ. ಅಳತೆ ಅಂದ್ರೆ ಕಣ್ಣಿಗೆ ಕಾಣ್ಬೇಕು ಸ್ವಾಮಿ, ಕೈಗೆ ಸಿಗ್ಬೇಕು!"

ಚಪ್ಪಾಳೆ ಬಿದ್ದದ್ದು ಆಗ. ನಿಯಮ ಪಾಸಾಯಿತು. ನಿಯಮ ಹೇಳಿದವರೇ ಅದನ್ನು ನೋಡಿಕೊಳ್ಳಲಿ ಎಂದು ಹೆಡ್‌ಮಿಸ್ಟ್ರೆಸ್ ಅವರನ್ನೇ ಸಂಚಾಲಕರನ್ನಾಗಿ ಮಾಡಿದರು. ಸಾಹೇಬರು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತ ಮನೆ ಸೇರಿದರು. ದಾರಿಯಲ್ಲಿ ಅವರಿಗೆ ಎಲ್ಲ ನೆನಪಿತ್ತು, ಒಂದನ್ನು ಬಿಟ್ಟು. ಅವರ ಮನೆಯಲ್ಲೇ ಒಲೆ ಎರಡಿತ್ತು.

ಕೆಳಗೆ ಸಾಹೇಬರು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಮಹಡಿಯ ಮೇಲೆ ಅಣ್ಣ, ಅತ್ತಿಗೆ. ಮೊದಲು ಎಲ್ಲರಿಗೂ ಒಂದೇ ಅಡುಗೆಮನೆ. ಬೇರೆ ಮನೆಗಳು ಆಸ್ತಿಗೆ ಒಡೆಯುತ್ತವೆ, ಒಡವೆಗೆ ಒಡೆಯುತ್ತವೆ. ಈ ಮನೆ ಒಡೆದದ್ದು ಆಲೂಗಡ್ಡೆಗೆ. ಸಾಹೇಬರು ಒಮ್ಮೆ ಒಂದು ಪುಟ್ಟ ಹಿತ್ತಾಳೆ ತಕ್ಕಡಿ ಕೊಂಡುತಂದು, ಅದಕ್ಕೆ ಶಾಸ್ತ್ರೋಕ್ತವಾಗಿ ಮುದ್ರೆ ಒತ್ತಿ, ಅದರ ನಿಖರತೆ ತೋರಿಸುವ ಉತ್ಸಾಹದಲ್ಲಿ ಊಟಕ್ಕೆ ಕೂತವರ ತಟ್ಟೆಗಳಿಂದ ಆಲೂಗಡ್ಡೆ ಎತ್ತಿ ಎತ್ತಿ ತೂಗಿದರು. ಅಣ್ಣನ ಪಾಲು ಸ್ವಲ್ಪ ಹೆಚ್ಚು ತೂಗಿತು. ಅದನ್ನು ಸಾಹೇಬರು ಗಟ್ಟಿಯಾಗಿ ಪ್ರಕಟಿಸಿಬಿಟ್ಟರು. ಬಡಿಸಿದವರು ಅತ್ತಿಗೆ. ಅವರು ಒಂದು ಮಾತೂ ಆಡದೆ ಸೌಟು ಕೆಳಗಿಟ್ಟರು. ಮಾರನೆಯ ದಿನ ಮಹಡಿಯ ಮೇಲೆ ಹೊಸ ಒಲೆ ಬಂತು. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು.

ಮಾತು ನಿಂತಿತೇ ಹೊರತು ಸಂಗೀತ ನಿಂತಿರಲಿಲ್ಲ. ಸಾಹೇಬರ ಹೆಂಡತಿಗೆ ಒಲೆಯ ಮುಂದೆ ನಿಂತರೆ ಹಾಡು ತಾನಾಗಿ ಬರುತ್ತಿತ್ತು. ಅವಳು ಒಂದು ಸಾಲು ಹಾಡಿದರೆ ಮೇಲಿನಿಂದ ಭಾವನ ಪಿಟೀಲು ಆ ಸಾಲನ್ನು ಎತ್ತಿಕೊಂಡು ಮುಗಿಸುತ್ತಿತ್ತು. ಇದು ದಿನವೂ ನಡೆಯುತ್ತಿತ್ತು. ಇದರ ಬಗ್ಗೆ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಒಂದು ಸಲವಾದರೂ ಆ ಪಿಟೀಲಿನ ಪಕ್ಕದಲ್ಲಿ ಕೂತು, ಜನರ ಮುಂದೆ ಹಾಡಬೇಕೆಂಬುದು ಅವಳ ಆಸೆ. ಕುಟುಂಬ ಸಂಗೀತ ಸಂಜೆಯ ಸುದ್ದಿ ಕೇಳಿದ ದಿನವೇ ಅವಳು ಹಾಡನ್ನೂ ಆರಿಸಿಟ್ಟುಕೊಂಡಿದ್ದಳು.

ಸಾಹೇಬರು ತಮ್ಮ ಚಪ್ಪಾಳೆಯ ಕಥೆಯನ್ನು ಅಭಿನಯಸಹಿತ ಹೇಳಿ ಮುಗಿಸಿದಾಗ ಅವಳು ಒಲೆ ಆರಿಸಿದಳು.

"ಬೀದಿಗೆಲ್ಲ ಚೆನ್ನಾಗಿ ನಿಯಮ ಮಾಡಿದ್ರಿ. ಅದ್ರಲ್ಲಿ ನನ್ನ ಪಿಟೀಲನ್ನೂ ಕತ್ತರಿಸಿ ಹಾಕಿದ್ರಿ."

ಸಾಹೇಬರು ಮಹಡಿಯ ಕಡೆ ನೋಡಿದರು.

"ಹೋಗಿ ನಿಯಮ ಬದಲಾಯಿಸಿ."

"ಅದೆಂಗೆ ಆಗುತ್ತೆ? ಆ ಔಷಧಿ ಅಂಗಡಿಯವನು ಬಿಡ್ತಾನಾ? ತನ್ನ ಮನೆಗೊಂದು ಅಳತೆ, ಬೇರೆಯೋರಿಗೊಂದು ಅಳತೆ ಅಂತ ಊರೆಲ್ಲ ಡಂಗುರ ಹೊಡೀತಾನೆ. ನನ್ನ ಕೆಲಸವೇ ಅಳತೆ ಕಣೇ!"

"ಹಾಗಾದ್ರೆ ಭಾವನ್ನ ಕರೀರಿ, ಒಲೆ ಒಂದು ಮಾಡಿ."

"ನಾನು ಕರೀಬೇಕಾ? ತಪ್ಪಾಗಿ ತೂಗಿದ್ದೀನಾ ನಾನು?"

"ಪಿಟೀಲು ಇಲ್ದೆ ನಾನು ಹಾಡಲ್ಲ," ಎಂದಳು ಅವಳು. ಮಗಳು ಮೌತ್ ಆರ್ಗನ್ನನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಸಂಚಾಲಕರ ಮನೆಯ ತಂಡ ಹೀಗೆ ಹುಟ್ಟುವ ಮೊದಲೇ ಮಲಗಿತು.

ಸ್ವಂತ ಮನೆಯಲ್ಲಿ ಕೈ ಸಾಗದಾಗ ಮನುಷ್ಯ ಬೇರೆ ಮನೆಗಳ ಉದ್ಧಾರಕ್ಕೆ ಹೊರಡುವುದು ಸಹಜ. ಮರುದಿನ ಸಂಜೆಯಿಂದಲೇ ಸಾಹೇಬರು ಮನೆ ಮನೆಯ ಒಲೆ ಎಣಿಸಲು ಶುರುಮಾಡಿದರು. ಕಚೇರಿಯಿಂದ ನೇರವಾಗಿ, ಕಚೇರಿಯ ಅಂಗಿಯಲ್ಲಿ, ಕಚೇರಿಯ ಚೀಲ ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಸಭೆಗೆ ಬಂದಿದ್ದವರು ಹೆಡ್‌ಮಿಸ್ಟ್ರೆಸ್ ಒಬ್ಬರನ್ನು ಬಿಟ್ಟರೆ ಮನೆಗೊಬ್ಬರಂತೆ ಗಂಡಸರು, ಸಭೆಯಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳುವ ಅಭ್ಯಾಸ ಅವರಲ್ಲಿ ಯಾರಿಗೂ ಇರಲಿಲ್ಲ. ಸಾಹೇಬರೋ, ಎಲ್ಲರಿಗೂ ಎಲ್ಲವೂ ಗೊತ್ತಿದೆ ಎಂದುಕೊಂಡು ಸಂಗೀತದ ಸುದ್ದಿಯನ್ನೇ ಎತ್ತಲಿಲ್ಲ.

ದರ್ಜಿಯ ಮನೆ ಬಾಗಿಲು ತೆರೆದದ್ದು ಅವರ ವಯಸ್ಸಾದ ತಾಯಿ.

"ಒಲೆ ತಪಾಸಣೆ. ಅಡುಗೆಮನೆ ಎಲ್ಲಿ?" ಎಂದರು ಸಾಹೇಬರು.

ಅಡುಗೆಮನೆಯಲ್ಲಿ ಒಂದು ಒಲೆ. ಸಾಹೇಬರ ಅನುಭವಿ ಮೂಗು ಅಷ್ಟಕ್ಕೇ ಒಪ್ಪಲಿಲ್ಲ. ಹಿಂದಿನ ಕೋಣೆಯ ಪರದೆ ಸರಿಸಿದರು. ಅಲ್ಲಿ ಇನ್ನೊಂದು ಪುಟ್ಟ ಒಲೆ, ಅದರ ಮೇಲೆ ಒಂದು ಪುಟ್ಟ ಪಾತ್ರೆ.

"ಇದು ಯಾರದ್ದು?"

"ನಂದು," ಎಂದರು ಮುದುಕಿ. "ಸೊಸೆ ಉಪ್ಪು ಜಾಸ್ತಿ ಹಾಕ್ತಾಳೆ."

"ಅತ್ತೆ ಉಪ್ಪೇ ಹಾಕಲ್ಲ," ಎಂಬ ದನಿ ಗೋಡೆಯ ಆಚೆಯಿಂದ ಬಂತು.

ಸಾಹೇಬರು ನಿಟ್ಟುಸಿರಿಟ್ಟು, ಹೊರಗೆ ಬಂದು, ರೂಢಿಯಂತೆ ಚೀಲದಿಂದ ಕೆಂಪು ಸೀಮೆಸುಣ್ಣ ತೆಗೆದು, ಬಾಗಿಲಿನ ಮೇಲೆ ದೊಡ್ಡದೊಂದು ಅಡ್ಡಗೆರೆ ಎಳೆದು ಮುಂದಿನ ಮನೆಗೆ ನಡೆದರು. ಅದರ ಅರ್ಥ ಈ ಮನೆಯವರು ಒಟ್ಟಿಗೆ ಹಾಡುವಂತಿಲ್ಲ ಎಂದಷ್ಟೇ. ಆದರೆ ಇಲಾಖೆಯ ಅಂಗಿ ತೊಟ್ಟವರೊಬ್ಬರು ಬಂದು, ಒಲೆ ಎಣಿಸಿ, ಬಾಗಿಲಿಗೆ ಕೆಂಪು ಗೆರೆ ಎಳೆದು ಹೋದರೆ ನೋಡಿದವರು ಸಂಗೀತವನ್ನು ನೆನೆಯುತ್ತಾರೆಯೇ? ಸಾಹೇಬರು ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಮನೆಗೊಂದೇ ಒಲೆ ಇರಬೇಕಂತೆ, ಹೆಚ್ಚಿನದು ಜಪ್ತಿಯಂತೆ, ಕೆಂಪು ಗೆರೆ ಬಿದ್ದ ಮನೆಗಳಿಗೆ ಇನ್ನೇನು ಲಾರಿ ಬರುತ್ತದಂತೆ.

ಮುಂದಿನ ಎರಡು ದಿನ ಆ ಬೀದಿಯಲ್ಲಿ ಒಲೆಗಳು ಪಟ್ಟ ಪಾಡು ಹೇಳತೀರದು. ದರ್ಜಿಯ ತಾಯಿಯ ಒಲೆ ಬಿಸಿ ಆರುವ ಮೊದಲೇ ಹೊಲಿಯಲು ಬಂದ ಬಟ್ಟೆಗಳ ರಾಶಿಯಡಿ ಸೇರಿತು. ಯಾರದೋ ಕೋಟಿನ ಅಳತೆ ಹುಡುಕಲು ಹೋದ ದರ್ಜಿ ಮೊಣಕೈ ಸುಟ್ಟುಕೊಂಡರು. ಒಲೆಯೊಂದು ಮಗುವಿನ ತಳ್ಳುಗಾಡಿಯಲ್ಲಿ ಕಂಬಳಿ ಹೊದ್ದು ಮಲಗಿ ಹೋಗುತ್ತಿದ್ದಾಗ ಎದುರಾದ ಹೆಡ್‌ಮಿಸ್ಟ್ರೆಸ್ ಬಗ್ಗಿ ನೋಡಿ, "ಥೇಟ್ ಅಜ್ಜನ ಮುಖ," ಎಂದರು. ಅವರ ಕನ್ನಡಕ ಅಂದು ರಿಪೇರಿಗೆ ಹೋಗಿತ್ತು. ಹಲ್ಲಿನ ಡಾಕ್ಟರ ಹೆಂಡತಿ ತಮ್ಮ ಎರಡನೆಯ ಒಲೆಯನ್ನು ರೋಗಿಯ ಕುರ್ಚಿಯಲ್ಲೇ ಕೂರಿಸಿ ಕೊರಳಿಗೆ ಟವೆಲ್ ಕಟ್ಟಿದರು. ಔಷಧಿ ಅಂಗಡಿಯ ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳ ಹಿಂದೆ ನಾಲ್ಕು ಮನೆಯ ಒಲೆಗಳು ಆಶ್ರಯ ಪಡೆದವು.

ಇದರಲ್ಲಿ ಒಂದು ವಿಚಿತ್ರವೂ ಆಯಿತು. ಒಲೆ ಒಂದೇ ಉಳಿದ ಮೇಲೆ ಅಡುಗೆ ಒಂದೇ ಆಗಬೇಕಲ್ಲ. ದರ್ಜಿಯ ಮನೆಯಲ್ಲಿ ಅತ್ತೆ ಸೊಸೆ ಉಪ್ಪಿನ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಜಗಳಾಡುತ್ತಲೇ ಬೇಯಿಸಿದರು. ಜಗಳ ಮುಗಿಯುವಷ್ಟರಲ್ಲಿ ಇಬ್ಬರ ಕಂಠವೂ ಒಂದೇ ಶ್ರುತಿಗೆ ಏರುತ್ತದೆ ಎಂಬುದು ಗೊತ್ತಾಗಿ, ಯುಗಳಗೀತೆಗೆ ಹೆಸರು ಕೊಟ್ಟರು. ಸಾಹೇಬರು ಎರಡನೆಯ ಸುತ್ತಿಗೆ ಹೋದಾಗ ಎಲ್ಲ ಮನೆಗಳಲ್ಲೂ ಒಂದೊಂದೇ ಒಲೆ! ಕೆಂಪು ಗೆರೆಗಳನ್ನು ಕರವಸ್ತ್ರದಿಂದ ಒರೆಸುತ್ತ ಅವರ ಕಣ್ಣು ತುಂಬಿ ಬಂತು.

"ನೋಡೇ, ನನ್ನ ಒಂದು ಮಾತಿಗೆ ಇಡೀ ಬೀದಿ ಒಂದಾಗಿಹೋಯ್ತು," ಎಂದರು ಮನೆಗೆ ಬಂದು.

ಹೆಂಡತಿ ಮೇಲೆ ನೋಡಿದಳು. "ಇಡೀ ಬೀದಿನಾ?"

ಸಾಹೇಬರು ತಟ್ಟೆ ನೋಡಿಕೊಂಡರು. ಆ ದಿನಗಳಲ್ಲಿ ಮನೆಯಲ್ಲಿ ಹಾಡಿರಲಿಲ್ಲ, ಮೇಲಿನಿಂದ ಪಿಟೀಲೂ ಇರಲಿಲ್ಲ. ಇನ್ನೊಂದು ವಿಷಯವೂ ಅವರ ಗಮನಕ್ಕೆ ಬಂದಿತ್ತು, ಆಲೂಗಡ್ಡೆ ಬೇಗ ಬೇಗ ಖಾಲಿಯಾಗುತ್ತಿತ್ತು. ಆದರೆ ಆಲೂಗಡ್ಡೆಯ ಬಗ್ಗೆ ಮಾತೆತ್ತುವ ಧೈರ್ಯ ಆ ಮನೆಯಲ್ಲಿ ಅವರಿಗೆ ಎಂದೋ ಹೋಗಿತ್ತು.

ಸಂಗೀತ ಸಂಜೆಯ ದಿನ ಬಂತು. ಬೆಳಗ್ಗೆಯಿಂದ ಸಾಹೇಬರು ಸಭಾಂಗಣದಲ್ಲಿ ಕುರ್ಚಿಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆಯುತ್ತ, ಮೈಕಿನವನಿಗೆ ತಂತಿ ಸುತ್ತುವುದು ಹೇಗೆಂದು ಹೇಳಿಕೊಟ್ಟು ಬೈಸಿಕೊಳ್ಳುತ್ತ ಓಡಾಡಿದರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಬಾಗಿಲಲ್ಲಿ ಒಂದು ಇಲಾಖೆಯ ಕಾರು. ಕಾರಿನ ಪಕ್ಕದಲ್ಲಿ ಅವರ ಮೇಲಧಿಕಾರಿ. ಮೇಲಧಿಕಾರಿಯ ಎಡಕ್ಕೆ ಹೆಡ್‌ಮಿಸ್ಟ್ರೆಸ್, ಬಲಕ್ಕೆ ಔಷಧಿ ಅಂಗಡಿಯವರು.

"ಏನ್ರೀ ಇದು?" ಎಂದರು ಮೇಲಧಿಕಾರಿ. ಅವರದು ನಿಧಾನವಾದ ದಪ್ಪ ದನಿ. "ನಮ್ಮ ಇಲಾಖೆ ಜನರ ಒಲೆ ಜಪ್ತಿ ಮಾಡ್ತಿದೆ ಅಂತ ದೂರು ಬಂದಿದೆ. ನನಗೇ ಗೊತ್ತಿಲ್ಲದ ಕಾನೂನು ನಿಮಗೆ ಎಲ್ಲಿಂದ ಬಂತು?"

"ಜಪ್ತಿನಾ? ಸರ್, ಇದು ಸಂಗೀತಕ್ಕೆ!"

"ಸಂಗೀತಕ್ಕೆ ಒಲೆ ಬಾರಿಸ್ತಾರಾ?"

ಹೆಡ್‌ಮಿಸ್ಟ್ರೆಸ್ ಮಧ್ಯೆ ಬಂದು ನಿಯಮವನ್ನು ಬಿಡಿಸಿ ಹೇಳಿದರು. ಮೇಲಧಿಕಾರಿ ತಲೆಯಾಡಿಸಿ, ಕಾರು ಹತ್ತುವುದರಲ್ಲಿದ್ದರು. ಔಷಧಿ ಅಂಗಡಿಯವರು ಆಗ ಗಂಟಲು ಸರಿಮಾಡಿಕೊಂಡರು. ಅವರ ಅಕ್ಕನ ಮಕ್ಕಳು ಆ ಹೊತ್ತಿಗೆ ಬೇರೆ ಬೀದಿಯಲ್ಲಿ ಬೇರೆ ಮಾವನ ಹೆಸರಲ್ಲಿ ನುಡಿಸುತ್ತಿದ್ದರು, ಆ ಸಂಕಟ ಅವರಿಗಿತ್ತು.

"ಎಲ್ಲರ ಮನೇಲೂ ಒಲೆ ಎಣಿಸಿದ್ರಲ್ಲ, ಇವರ ಮನೇಲಿ ಎಣಿಸಿದ್ದು ಯಾರು? ಮೇಲೊಂದು ಕೆಳಗೊಂದು ಇದೆ ಅಂತ ಬೀದಿಗೇ ಗೊತ್ತು. ಬಾಗಿಲ ಮೇಲೆ ಕೆಂಪು ಗೆರೆ ಎಲ್ಲಿ, ಸರ್?"

ಮೇಲಧಿಕಾರಿ ಕಾರಿನ ಬಾಗಿಲು ಮತ್ತೆ ಮುಚ್ಚಿದರು. "ಅಂದ್ರೆ ಊರಿಗೊಂದು, ಮನೆಗೊಂದು? ಮುದ್ರೆ ಒತ್ತೋನೇ ಹೀಗೆ ಮಾಡಿದ್ರೆ ನಿಮ್ಮ ಕೈಗೆ ಮುದ್ರೆ ಕೊಡೋದು ಹೇಗ್ರೀ? ಬನ್ನಿ, ನಾನೇ ನೋಡ್ತೀನಿ."

ಸಾಹೇಬರು ಮೇಲಧಿಕಾರಿಯ ಹಿಂದೆ ಒಳಗೆ ನಡೆದರು. ಮೆಟ್ಟಿಲ ಮೇಲೆ ಅಣ್ಣ ನಿಂತಿದ್ದ, ಕೈ ಕಟ್ಟಿಕೊಂಡು. ಎಷ್ಟೋ ಕಾಲದ ಮೇಲೆ ಇಬ್ಬರೂ ಮುಖ ಎತ್ತಿ ಒಬ್ಬರನ್ನೊಬ್ಬರು ನೋಡಿದರು. ಅಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಹಡಿಯ ಅಡುಗೆಮನೆಯಲ್ಲಿ ಕಟ್ಟೆ ಇತ್ತು, ಕಟ್ಟೆಯ ಮೇಲೆ ಒಲೆಯ ನಾಲ್ಕು ಕಾಲಿನ ಗುರುತಿತ್ತು, ಒಲೆ ಇರಲಿಲ್ಲ. ಸಾಹೇಬರು ಕಣ್ಣುಜ್ಜಿಕೊಂಡರು. ಔಷಧಿ ಅಂಗಡಿಯವರು ಕಪಾಟುಗಳನ್ನು ತೆರೆದರು, ಒಂದು ಡಬ್ಬಿಯೊಳಗೂ ಇಣುಕಿದರು.

"ಡಬ್ಬಿಯೊಳಗೆ ಒಲೆ ಇಡೋಕೆ ನಮಗೇನು ತಲೆ ಕೆಟ್ಟಿದ್ಯಾ?" ಎಂದರು ಅತ್ತಿಗೆ.

"ಹಾಗಾದ್ರೆ ನೀವೆಲ್ಲ ಊಟ ಮಾಡೋದು ಎಲ್ಲಿಂದ?" ಎಂದರು ಮೇಲಧಿಕಾರಿ ಅಣ್ಣನಿಗೆ.

"ಕೆಳಗಿಂದ," ಎಂದ ಅಣ್ಣ. "ಕೆಳಗಿನ ಒಲೆಯಿಂದಲೇ."

ಅದು ಸುಳ್ಳಲ್ಲ. ಜಪ್ತಿಯ ಸುದ್ದಿ ಮಹಡಿಗೆ ಮುಟ್ಟಿದ ದಿನವೇ ಅತ್ತಿಗೆ, ಮೈದುನ ತಮ್ಮ ಮೇಲಿನ ಹಳೆಯ ಸಿಟ್ಟಿಗೆ ಈ ಕಾನೂನು ಮಾಡಿದ್ದಾನೆಂದೇ ತಿಳಿದು, ಒಲೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ಓರಗಿತ್ತಿಯ ಬಳಿಗೆ ಇಳಿದು ಬಂದಿದ್ದರು. ನಿಯಮ ಬರೀ ಸಂಗೀತಕ್ಕೆಂದು ಓರಗಿತ್ತಿಗೆ ಗೊತ್ತಿತ್ತು, ಆದರೆ ಅವಳು ಅದನ್ನು ಹೇಳಲು ಹೋಗಲಿಲ್ಲ. ಹೆಂಗಸರಿಬ್ಬರೂ ಸೇರಿ ಯಾವ ತಪಾಸಣೆಗಾರನೂ ಹುಡುಕದ ಜಾಗ ಯಾವುದೆಂದು ಯೋಚಿಸಿದ್ದರು. ಅಂದಿನಿಂದ ಮಗಳು ಕೆಳಗಿನ ಒಲೆಯ ಅಡುಗೆಯನ್ನು ಹಿಂದಿನ ಮೆಟ್ಟಿಲಿಂದ ಮೇಲೆ ಸಾಗಿಸುತ್ತಿದ್ದಳು. ಆಲೂಗಡ್ಡೆ ಹೋದ ದಾರಿ ಅದೇ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಒಲೆ ತಪಾಸಣೆಯ ಅಧಿಕಾರಿಯೊಬ್ಬರನ್ನು ಬಿಟ್ಟು.

ಎಲ್ಲರೂ ಕೆಳಗೆ ಬಂದರು. ಮೇಲಧಿಕಾರಿ ದಣಿದು ಸಾಹೇಬರ ಮಂಚದ ಮೇಲೆ ಕೂತು ಕಾಲು ಹಿಂದಕ್ಕೆಳೆದುಕೊಂಡರು. ಅವರ ಹಿಮ್ಮಡಿ ಏನಕ್ಕೋ ತಾಗಿ ಠಣ್ಣೆಂದಿತು.

"ಏನದು?"

"ಪಾತ್ರೆ," ಎಂದಳು ಹೆಂಡತಿ. "ಬೆಕ್ಕು," ಎಂದರು ಅತ್ತಿಗೆ, ಅದೇ ಉಸಿರಿನಲ್ಲಿ.

ಮೇಲಧಿಕಾರಿ ಇಬ್ಬರನ್ನೂ ನೋಡಿದರು. "ಪಾತ್ರೆಯಲ್ಲಿ ಬೆಕ್ಕಾ?"

"ಮುಚ್ಚಳ ಹಾಕಿದೆ ಸರ್," ಎಂದಳು ಮಗಳು ಸಮಾಧಾನ ಹೇಳುವಂತೆ.

ತಾವು ಇಷ್ಟು ದಿನ ಯಾವುದರ ಮೇಲೆ ಮಲಗುತ್ತಿದ್ದರೆಂಬುದು ಸಾಹೇಬರಿಗೆ ಆಗ ಹೊಳೆದು ಬೆನ್ನು ಬಿಸಿಯಾಯಿತು. ಮೇಲಧಿಕಾರಿ ಬಗ್ಗಿ ನೋಡುವುದರಲ್ಲಿದ್ದರು. ಅಷ್ಟರಲ್ಲಿ ಒಳಗಿನಿಂದ ಹುರಿದ ಆಲೂಗಡ್ಡೆಯ ವಾಸನೆ ಬಂತು. ಅವರ ಮೂಗು ಅತ್ತ ತಿರುಗಿತು, ಮುಖವೂ ಹಿಂಬಾಲಿಸಿತು.

"ಎಲ್ಲರೂ ಒಂದೇ ಒಲೆ ಊಟ ಅಂದ್ರಲ್ಲ. ಬಡಿಸಿ, ನೋಡ್ತೀನಿ. ನನಗೂ ಸ್ವಲ್ಪ."

ಹೀಗೆ ಮುರಿದುಬಿದ್ದಿದ್ದ ಆ ಮನೆಯವರೆಲ್ಲ ಸರ್ಕಾರಿ ಮೇಲ್ವಿಚಾರಣೆಯಲ್ಲಿ ಒಂದೇ ಮೇಜಿಗೆ ಕೂತರು. ಅಣ್ಣನೂ ತಮ್ಮನೂ ಎದುರುಬದುರು. ಹೆಡ್‌ಮಿಸ್ಟ್ರೆಸ್ಸಿಗೂ ಔಷಧಿ ಅಂಗಡಿಯವರಿಗೂ ತಟ್ಟೆ ಬಿತ್ತು. ಅತ್ತಿಗೆ ಸೌಟು ಹಿಡಿದು ಬಡಿಸಲು ಬಂದವರು ಸಾಹೇಬರ ತಟ್ಟೆಯ ಮುಂದೆ ನಿಂತುಬಿಟ್ಟರು. ಸೌಟು ಕೆಳಗಿಟ್ಟು, ಕಪಾಟಿನ ಮೇಲಿಂದ ಆ ಹಿತ್ತಾಳೆ ತಕ್ಕಡಿಯನ್ನು ಇಳಿಸಿ, ಧೂಳು ಒರೆಸಿ, ಮೇಜಿನ ನಡುವೆ ಇಟ್ಟರು.

"ಈ ಮನೇಲಿ ತೂಗಿ ಬಡಿಸೋದು ಸರ್," ಎಂದರು ಮೇಲಧಿಕಾರಿಗೆ. "ನಾನು ಕಣ್ಣಳತೆಯವಳು. ನನ್ನ ಗಂಡನ ತಟ್ಟೆಗೆ ಹೆಚ್ಚು ಬೀಳುತ್ತಂತೆ. ತಕ್ಕಡಿ ಹೇಳಿದೆ."

ಮೇಲಧಿಕಾರಿ ತಕ್ಕಡಿಯನ್ನು ಹತ್ತಿರ ಎಳೆದುಕೊಂಡು, ತಿರುಗಿಸಿ, ಮುದ್ರೆ ನೋಡಿದರು.

"ಇದು ನಿಮ್ಮ ಮುದ್ರೆ ಅಲ್ವೇನ್ರೀ?"

"ಹೌದು ಸರ್."

"ಅಂದ್ರೆ ಸರಿಯಾಗಿದೆ ಅಂತಾಯ್ತು."

ಸಾಹೇಬರು ತಕ್ಕಡಿಯನ್ನು ನೋಡಿದರು. ಅದು ಸರಿಯಾಗೇ ಇತ್ತು. ಅದಕ್ಕಿಂತ ಸರಿಯಾದ ತಕ್ಕಡಿಗೆ ಅವರು ಎಂದೂ ಮುದ್ರೆ ಒತ್ತಿರಲಿಲ್ಲ. ತಲೆಯೆತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ, ಆರಿಸಿಟ್ಟ ಹಾಡು ಗಂಟಲಲ್ಲೇ ಉಳಿದವಳು. ಎದುರಿಗೆ ಅಣ್ಣ, ತಟ್ಟೆಯ ಅಂಚನ್ನು ಬೆರಳಿಂದ ಉಜ್ಜುತ್ತಿದ್ದ. ಅಣ್ಣನ ಕೂದಲು ಪೂರ್ತಿ ಬೆಳ್ಳಗಾಗಿದೆ ಎಂಬುದನ್ನು ಸಾಹೇಬರು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಅವರಿಗೆ ಬಹಳ ದುಃಖವಾಯಿತು.

"ಇಲ್ಲ ಸರ್," ಎಂದರು. "ಈ ತಕ್ಕಡಿ ಸರಿ ಇಲ್ಲ."

"ಏನಂದ್ರಿ?"

"ಸರಿ ಇಲ್ಲ ಸರ್. ಅವತ್ತೂ ಸರಿ ಇರ್ಲಿಲ್ಲ." ಅವರು ಮಾತಾಡುತ್ತಿದ್ದದ್ದು ಮೇಲಧಿಕಾರಿಗೆ, ನೋಡುತ್ತಿದ್ದದ್ದು ಅತ್ತಿಗೆಯನ್ನು. "ಮುದ್ರೆ ಒತ್ತಿದ್ದು ನಂದೇ ತಪ್ಪು. ಬಡಿಸಿದವರ ಕೈ ಸರಿಯಾಗೇ ಇತ್ತು."

ಊಟಕ್ಕೆ ಮೊದಲು ಒಮ್ಮೆ, ಕೈ ತೊಳೆದ ಮೇಲೆ ಒಮ್ಮೆ ಮನೆಯವರು ಕೇಳಿಸಿಕೊಳ್ಳುತ್ತಿದ್ದ ಆ ಮಾತು ಇನ್ನು ಮುಂದೆ ಕೇಳುವಂತಿರಲಿಲ್ಲ.

"ತಪ್ಪು ಮುದ್ರೆ ಅಂದ್ರೆ ಸಣ್ಣ ವಿಷಯ ಅಲ್ರೀ," ಎಂದರು ಮೇಲಧಿಕಾರಿ. "ನಾಳೆ ಬಂದು ನನ್ನ ನೋಡಿ. ಈ ತಕ್ಕಡಿಯನ್ನ ಇನ್ಮೇಲೆ ಯಾರೂ ತೂಗೋಕೆ ಬಳಸೋ ಹಾಗಿಲ್ಲ."

"ಅದನ್ನ ನನಗೆ ಬಿಡಿ ಸರ್," ಎಂದರು ಅತ್ತಿಗೆ. ಸೌಟು ತೆಗೆದುಕೊಂಡು ಮೈದುನನ ತಟ್ಟೆಗೆ ಆಲೂಗಡ್ಡೆ ಬಡಿಸಿದರು. ಬಡಿಸಿದರು, ಮತ್ತೆ ಬಡಿಸಿದರು. ಸಾಹೇಬರು ಸಾಕು ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೂ ಒಂದು ಬಿತ್ತು.

"ಸಂಜೆಗೆ ತಾಳ ಯಾರು ಹಾಕೋದು?" ಎಂದ ಅಣ್ಣ, ತಟ್ಟೆ ನೋಡುತ್ತಲೇ.

"ನಾನು," ಎಂದರು ಸಾಹೇಬರು.

"ಹಾಗಾದ್ರೆ ನಿನ್ನ ಪಕ್ಕದಲ್ಲಿ ನಾನೇ ಕೂರ್ತೀನಿ. ಇಲ್ಲಾಂದ್ರೆ ಕೆಡಿಸ್ತೀಯ."

ಔಷಧಿ ಅಂಗಡಿಯವರು ಏನೋ ಹೇಳಲು ಬಾಯಿ ತೆರೆದರು. ಹೆಡ್‌ಮಿಸ್ಟ್ರೆಸ್ ಅವರ ತಟ್ಟೆಗೆ ತಮ್ಮ ಪಾಲಿನ ಆಲೂಗಡ್ಡೆಯೊಂದನ್ನು ಹಾಕಿ, "ಬಿಸಿ ಇದ್ದಾಗಲೇ ತಿನ್ನಿ," ಎಂದರು.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಜಪ್ತಿ ಇಲ್ಲವೆಂದು ಗೊತ್ತಾದ ಸಂತೋಷಕ್ಕೆ ಬಂದವರೇ ಹೆಚ್ಚು. ಹಲ್ಲಿನ ಡಾಕ್ಟರ ಮನೆಯವರು ಬಾಯಿ ಪೂರ್ತಿ ತೆರೆದು ಹಾಡಿದರು. ಔಷಧಿ ಅಂಗಡಿಯವರು ತಮ್ಮ ಸ್ವಂತ ಹೆಂಡತಿ ಮಕ್ಕಳೊಂದಿಗೆ ವೇದಿಕೆ ಹತ್ತಿ, ಎರಡು ಸಾಲು ಹಾಡಿ, ಮೂರನೆಯದು ಮರೆತು, ಬೆವರು ಒರೆಸಿಕೊಂಡು ಇಳಿದರು. ಜನ ಅವರಿಗೆ ಹೋದ ಸಲಕ್ಕಿಂತ ಹೆಚ್ಚು ಚಪ್ಪಾಳೆ ತಟ್ಟಿದ್ದು ಅವರಿಗೇ ಆಶ್ಚರ್ಯ. ದರ್ಜಿಯ ಮನೆಯ ಅತ್ತೆ ಸೊಸೆ ಪಲ್ಲವಿ ನನ್ನದು, ಚರಣ ನನ್ನದು ಎಂದು ವೇದಿಕೆಯ ಮೇಲೂ ಕಿತ್ತಾಡಿ, ಕೊನೆಗೆ ಎರಡನ್ನೂ ಇಬ್ಬರೂ ಹಾಡಿ, ಕಪ್ ಗೆದ್ದರು. ಅದರಲ್ಲಿ ಉಪ್ಪು ತುಂಬಿಡುವುದೆಂದು ಅಲ್ಲೇ ತೀರ್ಮಾನವಾಯಿತು.

ಸಂಚಾಲಕರ ಮನೆಯವರು ಬಂದದ್ದು ಕೊನೆಗೆ. ಶ್ರುತಿ ಪೆಟ್ಟಿಗೆಗೆ ಅತ್ತಿಗೆ, ಮೌತ್ ಆರ್ಗನ್ನಿಗೆ ಮಗಳು, ನಡುವೆ ಹೆಂಡತಿ, ಪಕ್ಕದಲ್ಲಿ ಅಣ್ಣ, ಅಣ್ಣನ ಪಕ್ಕದಲ್ಲಿ ತಾಳ ಹಿಡಿದ ಸಾಹೇಬರು. ಅವಳು ಒಂದು ಸಾಲು ಹಾಡಿ, ಅಭ್ಯಾಸದಂತೆ ಮೇಲೆ ನೋಡಿದಳು. ಪಿಟೀಲು ಪಕ್ಕದಿಂದ ಬಂತು. ಅವಳು ತಿರುಗಿ ನೋಡಿ ನಕ್ಕುಬಿಟ್ಟಳು, ಆ ನಗು ಹಾಗೇ ಎರಡನೆಯ ಸಾಲಿನಲ್ಲಿ ಸೇರಿಹೋಯಿತು. ಮೊದಲ ಸಾಲಿನಲ್ಲಿ ಕೂತಿದ್ದ ಮೇಲಧಿಕಾರಿ ಕಣ್ಣು ಮುಚ್ಚಿಕೊಂಡರು. ನಿದ್ದೆ ಎಂದು ಕೆಲವರು ಹೇಳುತ್ತಾರೆ, ನಂಬಬೇಕಾಗಿಲ್ಲ.

ಸಾಹೇಬರ ತಾಳ ಎರಡು ಸಲ ತಪ್ಪಿತು. ಅಣ್ಣ ಕಮಾನು ನಿಲ್ಲಿಸದೆ ತನ್ನ ಮೊಣಕಾಲಿನಿಂದ ತಮ್ಮನ ಮೊಣಕಾಲಿಗೆ ತಟ್ಟಿ ತಟ್ಟಿ ಲೆಕ್ಕ ಕೊಟ್ಟ. ಚಿಕ್ಕಂದಿನಲ್ಲಿ ಮಗ್ಗಿ ಹೇಳಿಕೊಡುವಾಗಲೂ ಅವನು ಹೀಗೇ ತಟ್ಟುತ್ತಿದ್ದ. ಸಾಹೇಬರಿಗೆ ಅಳು ಬಂದು ತಾಳ ಮೂರನೆಯ ಸಲವೂ ತಪ್ಪಿತು. ಚಪ್ಪಾಳೆ ಬಿದ್ದಾಗ ಈ ಸಲ ಅವರು ಹಿಂದೆ ತಿರುಗಿ ನೋಡಲಿಲ್ಲ, ಪಕ್ಕಕ್ಕೆ ನೋಡಿದರು.

ಮಂಚದ ಕೆಳಗಿನ ಒಲೆಯನ್ನು ಮೇಲೆ ಸಾಗಿಸುವ ಮಾತನ್ನು ಮರುದಿನ ಯಾರೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಬೆಳಗ್ಗೆ ಸಾಹೇಬರು ಮೇಲಧಿಕಾರಿಯ ಮುಂದೆ ನಿಲ್ಲಲು ಕಚೇರಿಯ ಅಂಗಿ ತೊಟ್ಟು ಅಡುಗೆಮನೆಗೆ ಬಂದರೆ, ಪಿಟೀಲು ಕಿವಿಯ ಪಕ್ಕದಲ್ಲೇ ಕೂತಿತ್ತು.

"ಭಾವ, ಸ್ವಲ್ಪ ದೂರ ಕೂತು ನುಡಿಸಿ, ನನ್ನ ಹಾಡು ನನಗೇ ಕೇಳಿಸ್ತಿಲ್ಲ," ಎನ್ನುತ್ತಿದ್ದಳು ಹೆಂಡತಿ. ಕಪಾಟಿನ ಮೇಲೆ ತಕ್ಕಡಿ ಒಂದೇ ತಟ್ಟೆ ಹೊತ್ತು ಓರೆಯಾಗಿ ನಿಂತಿತ್ತು. ಇನ್ನೊಂದು ತಟ್ಟೆಯನ್ನು ಅತ್ತಿಗೆ ಬಿಚ್ಚಿ, ತೊಳೆದು, ಹಾಲಿನ ಪಾತ್ರೆಗೆ ಮುಚ್ಚಳ ಮಾಡಿದ್ದರು.

ಸಾಹೇಬರು ಬಗ್ಗಿ ನೋಡಿದರು. ಮುಚ್ಚಳ ಎಳ್ಳಷ್ಟೂ ಹೆಚ್ಚುಕಮ್ಮಿಯಿಲ್ಲದೆ ಪಾತ್ರೆಯ ಬಾಯಿಗೆ ಕೂತಿತ್ತು. ಹೇಳಲು ಬಾಯಿ ತೆರೆದರು. ಅತ್ತಿಗೆ ಸೌಟು ಹಿಡಿದು ತಿರುಗಿ ನೋಡಿದರು.

"ಹಾಲು ಚೆನ್ನಾಗಿದೆ," ಎಂದರು ಸಾಹೇಬರು, ಇನ್ನೂ ಕುಡಿಯದೇ.